ಸ್ಟೆನೋ ಅಕ್ಕ ಬರೆದ ಸಿಂಹಾಸನ

ನಗರಸಭೆಯ ಸಭಾಂಗಣದಲ್ಲಿ, ಅಧ್ಯಕ್ಷರ ಪೀಠದಿಂದ ಎರಡು ಮೆಟ್ಟಿಲು ಕೆಳಗೆ, ಎಡಗಡೆಗೆ ಒಂದು ಪುಟ್ಟ ಮೇಜಿತ್ತು. ಅದರ ಮೇಲೆ ಚೂಪು ಮಾಡಿಟ್ಟ ಐದು ಪೆನ್ಸಿಲು, ಒಂದು ಉದ್ದನೆಯ ನೋಟುಪುಸ್ತಕ, ಮುಚ್ಚಳವಿಟ್ಟ ಒಂದು ನೀರಿನ ಲೋಟ. ಸಭೆ ನಡೆದಾಗಲೆಲ್ಲ ಆ ಮೇಜಿನ ಹಿಂದೆ ಕೂತು, ಸದಸ್ಯರ ಬಾಯಿಂದ ಉದುರಿದ್ದನ್ನೆಲ್ಲ ಶೀಘ್ರಲಿಪಿಯಲ್ಲಿ ಹಿಡಿದು, ಮರುದಿನ ಅದನ್ನು ಮನುಷ್ಯರು ಓದಬಹುದಾದ ನಡಾವಳಿಯಾಗಿ ಟೈಪು ಮಾಡಿಕೊಡುವುದು ಸ್ಟೆನೋ ಅಕ್ಕನ ಕೆಲಸ. ಮೂವತ್ತೊಂದು ವರ್ಷ ಮಾಡಿದಳು. ಜವಾನನಿಂದ ಹಿಡಿದು ಅಧ್ಯಕ್ಷರವರೆಗೆ ಎಲ್ಲರಿಗೂ ಅವಳು ಅಕ್ಕ. ವಯಸ್ಸಿನಲ್ಲಿ ಅವಳಿಗಿಂತ ಹತ್ತು ವರ್ಷ ದೊಡ್ಡವರಿಗೂ ಅಕ್ಕನೇ.

ಅವಳ ಕಿವಿ ಬಲು ಚುರುಕು. ಮೂರು ಜನ ಒಟ್ಟಿಗೆ ಕೂಗಾಡಿದರೂ ಮೂವರ ಮಾತೂ ಬೇರೆ ಬೇರೆಯಾಗಿ ಪುಸ್ತಕಕ್ಕೆ ಇಳಿಯುತ್ತಿತ್ತು. ಸಿಟ್ಟಿನ ಭರದಲ್ಲಿ ಆಡಬಾರದ್ದನ್ನು ಆಡಿದ ಸದಸ್ಯರು ಸಭೆ ಮುಗಿದ ಮೇಲೆ ಮೆಲ್ಲಗೆ ಅವಳ ಮೇಜಿನ ಬಳಿ ಸುಳಿದು, ಅದನ್ನೂ ಬರೆದುಕೊಂಡಿರಾ ಎಂದು ವಿಚಾರಿಸುವುದಿತ್ತು. ಬರೆದುಕೊಂಡಿದ್ದರೆ ಹೌದು ಎನ್ನುತ್ತಿದ್ದಳು. ಅಳಿಸಿಬಿಡಿ ಎಂದರೆ, ಸಭೆ ಹೇಳಿದರೆ ಅಳಿಸುತ್ತೇನೆ ಎಂದು ಪೆನ್ಸಿಲು ಚೂಪು ಮಾಡಲು ಶುರುಮಾಡುತ್ತಿದ್ದಳು. ಆ ಚೂರಿಯ ಸದ್ದಿಗೆ ಎಂಥವರೂ ಜಾಗ ಖಾಲಿ ಮಾಡುತ್ತಿದ್ದರು.

ಅಷ್ಟು ಹತ್ತಿರದಿಂದ ಅಷ್ಟು ವರ್ಷ ಪೀಠವನ್ನು ನೋಡಿದವರು ಊರಲ್ಲಿ ಇನ್ನೊಬ್ಬರಿರಲಿಲ್ಲ. ಅವಳ ಕಾಲದಲ್ಲಿ ಹನ್ನೊಂದು ಜನ ಅಧ್ಯಕ್ಷರು ಬಂದು ಹೋದರು. ಒಬ್ಬರು ಸದಸ್ಯರಾಗಿದ್ದಾಗ ಕಾರಿಡಾರಿನಲ್ಲಿ ಶಿಳ್ಳೆ ಹಾಕಿಕೊಂಡು ಬರುತ್ತಿದ್ದರು. ಪೀಠವೇರಿ ಆರು ತಿಂಗಳಾಗುವಷ್ಟರಲ್ಲಿ ಶಿಳ್ಳೆ ನಿಂತಿತು. ಇನ್ನೊಬ್ಬರು ದಿನಾ ಮಧ್ಯಾಹ್ನ ಮನೆಗೆ ಹೋಗಿ ತಾಯಿಗೆ ಕೈಯಾರೆ ಬಡಿಸಿ ಬರುತ್ತಿದ್ದರು. ಅಧ್ಯಕ್ಷರಾದ ಎರಡನೇ ವರ್ಷ ಸ್ಟೆನೋ ಅಕ್ಕ ತಾಯಿ ಹೇಗಿದ್ದಾರೆಂದು ಕೇಳಿದಾಗ ಒಂದು ಗಳಿಗೆ ಯೋಚಿಸಿ, ಚೆನ್ನಾಗಿರಬೇಕು ಎಂದರು. ಮತ್ತೊಬ್ಬರ ಹೆಂಡತಿ ಮೊದಲ ಸಭೆಗೆ ಬಂದು ಕೊನೆಯ ಬೆಂಚಿನಲ್ಲಿ ಹೆಮ್ಮೆಯಿಂದ ಕೂತಿದ್ದಳು. ಆಮೇಲೆ ಅವಳನ್ನು ಅವರ ಜೊತೆ ಯಾರೂ ನೋಡಲಿಲ್ಲ. ಇಂಥವನ್ನೆಲ್ಲ ಸ್ಟೆನೋ ಅಕ್ಕ ನೋಟುಪುಸ್ತಕದ ಕೊನೆಯ ಹಾಳೆಗಳಲ್ಲಿ ಗೀಟು, ಕೊಂಕು, ಚುಕ್ಕೆಗಳಲ್ಲಿ ಗುರುತು ಹಾಕಿಕೊಳ್ಳುತ್ತಿದ್ದಳು. ಆ ಲಿಪಿ ಓದಬಲ್ಲವರು ಕಚೇರಿಯಲ್ಲಿ ಬೇರೆ ಯಾರೂ ಇಲ್ಲದ್ದರಿಂದ ಬೀಗ ಹಾಕುವ ಗೋಜೂ ಇರಲಿಲ್ಲ.

ನಿವೃತ್ತಿಯಾದ ಮೇಲೆ ಆ ನೋಟುಪುಸ್ತಕಗಳೆಲ್ಲ ಒಂದು ಪೆಟ್ಟಿಗೆಯಲ್ಲಿ ಮನೆಗೆ ಬಂದವು. ಗಂಡನದು ಬೀದಿಯ ತುದಿಯಲ್ಲಿ ಕನ್ನಡಕದ ಅಂಗಡಿ. ಹತ್ತು ಗಂಟೆಗೆ ಹೊರಟನೆಂದರೆ ಊಟದ ಹೊತ್ತಿಗೇ ತಿರುಗಿ ಬರುವುದು. ಮಗಳು ಆಸ್ಪತ್ರೆಯಲ್ಲಿ ನರ್ಸು, ಎರಡು ಬೀದಿ ಆಚೆ ಅವಳ ಸಂಸಾರ. ಮನೆ ಖಾಲಿ, ಊಟದ ಮೇಜು ಖಾಲಿ, ಕಿಟಕಿಯಿಂದ ಒಳ್ಳೆಯ ಬೆಳಕು. ಮೊದಲ ವಾರ ಡಬ್ಬಗಳನ್ನೆಲ್ಲ ತೊಳೆದಿಟ್ಟಳು. ಎರಡನೇ ವಾರ ಅದೇ ಡಬ್ಬಗಳನ್ನು ಮತ್ತೆ ತೊಳೆದಳು. ಮೂರನೇ ವಾರ ಪೆಟ್ಟಿಗೆ ತೆರೆದು, ಮೇಜಿನ ಮೇಲೆ ಹಾಳೆ ಹರವಿಕೊಂಡು, ಒಂದು ಕಾದಂಬರಿ ಬರೆಯಲು ಕೂತಳು.

ನಗರಸಭೆಯ ಕಥೆ ಬರೆಯುತ್ತಾಳೆಂದು ಗಂಡ ಎಣಿಸಿದ್ದ. ಅವಳು ಬರೆದದ್ದು ಎಲ್ಲೂ ಇಲ್ಲದ ಒಂದು ರಾಜ್ಯದ ಕಥೆ. ಆ ರಾಜ್ಯದ ಸಿಂಹಾಸನ ಕರಿಕಲ್ಲಿನದು. ಕೂರುವ ಜಾಗದ ಕೆಳಗೆ ಒಂದು ಬಾಯಿ. ಪ್ರತಿ ಅಮಾವಾಸ್ಯೆಗೆ ರಾಜನಾದವನು ಬಗ್ಗಿ, ತನಗೆ ಪ್ರಿಯವಾದ ಒಂದರ ಹೆಸರನ್ನು ಆ ಬಾಯಿಗೆ ಹೇಳಬೇಕು. ಹೆಸರಿಸಿದ್ದು ಎಲ್ಲಿಗೂ ಹೋಗುವುದಿಲ್ಲ. ಅದರ ಮೇಲಿದ್ದ ಪ್ರೀತಿ ಮಾತ್ರ ಬೆಳಗಾಗುವಷ್ಟರಲ್ಲಿ ಅವನ ಎದೆಯಿಂದ ಹೋಗಿರುತ್ತದೆ. ತಾಯಿ ಎದುರಿಗೇ ಇರುತ್ತಾಳೆ, ಯಾರೋ ಮುದುಕಿಯಂತೆ ಕಾಣುತ್ತಾಳೆ. ಬದಲಿಗೆ ಮುಂದಿನ ಅಮಾವಾಸ್ಯೆಯವರೆಗೆ ಅವನ ಮಾತಿಗೆ ಎದುರಿಲ್ಲ. ನದಿಗೆ ನಿಲ್ಲು ಎಂದರೂ ನಿಲ್ಲುತ್ತದೆ. ಕೊಡಲು ಏನೂ ಉಳಿಯದ ದಿನ ಕಲ್ಲು ರಾಜನನ್ನೇ ನುಂಗುತ್ತದೆ.

ಕಥೆ ಶುರುವಾಗುವಾಗ ಮುದಿ ರಾಜನಿಗೆ ಉಳಿದಿರುವುದು ಒಂದೇ ಒಂದು ಪ್ರೀತಿ, ಅವನ ಕುಂಟು ಕುದುರೆಯ ಮೇಲಿನದು. ಮುಂದಿನ ರಾಣಿಯಾಗಿ ಅರಮನೆಯಲ್ಲಿ ಒಬ್ಬ ಹುಡುಗಿಯನ್ನು ಬೆಳೆಸುತ್ತಿದ್ದಾರೆ. ತಾಮ್ರದ ಹಲ್ಲಿನ ಮಂತ್ರಿ ಅವಳಿಗೆ ನಾಯಿಮರಿ ತಂದುಕೊಡುತ್ತಾನೆ, ಗೆಳತಿಯರನ್ನು ಹುಡುಕಿ ಕೊಡುತ್ತಾನೆ, ಹಾಡು ಕಲಿಸಲು ದೂರದಿಂದ ಗುರುವನ್ನು ಕರೆಸುತ್ತಾನೆ. ಹುಡುಗಿ ಎಷ್ಟು ಹೆಚ್ಚು ಪ್ರೀತಿಸಲು ಕಲಿತರೆ ಅಷ್ಟು ವರ್ಷ ಸಿಂಹಾಸನಕ್ಕೆ ಮೇವು. ಆ ಮಂತ್ರಿ ತಿಂಗಳಿಗೊಮ್ಮೆ ಬಂದು, ಯಾರ್ಯಾರನ್ನು ಕಂಡರೆ ಇಷ್ಟ ಮಗಳೇ ಎಂದು ತಲೆ ಸವರಿ ಕೇಳುವ ಅಧ್ಯಾಯ ಓದಿದ ಸ್ಟೆನೋ ಅಕ್ಕನ ಮಗಳು ಎದ್ದು ಹೋಗಿ ನೀರು ಕುಡಿದು ಬಂದಳು.

"ಅಮ್ಮ, ಇಷ್ಟು ವರ್ಷ ನಮಗೆ ಊಟ ಕಟ್ಟಿಕೊಡುವಾಗ ನಿನ್ನ ತಲೇಲಿ ಇದೆಲ್ಲ ಇತ್ತಾ?" ಎಂದು ಕೇಳಿದಳು.

ಸ್ಟೆನೋ ಅಕ್ಕನಿಗೆ ಒಳಗೊಳಗೇ ಖುಷಿಯಾಯಿತು. ಗಂಡ ಮಾತ್ರ ಹೆಚ್ಚು ಓದುವವನಲ್ಲ. ಯಾರಾದರೂ ಸಾಯುವವರೆಗೆ ಓದಿ ಅಲ್ಲಿಗೆ ನಿಲ್ಲಿಸುತ್ತಿದ್ದ, ಮತ್ತು ಎರಡು ದಿನಕ್ಕೊಮ್ಮೆ ಊಟಕ್ಕೆ ಕೂತಾಗ, ಆ ಕುಂಟು ಕುದುರೆಗೆ ಏನೂ ಆಗಲ್ಲ ತಾನೇ ಎಂದು ಆತಂಕದಿಂದ ವಿಚಾರಿಸುತ್ತಿದ್ದ.

ಎರಡೂವರೆ ವರ್ಷದಲ್ಲಿ ಹತ್ತೊಂಬತ್ತು ಅಧ್ಯಾಯ ಮುಗಿದವು. ಹಳೆಯ ಅಂಚೆ ಕಚೇರಿಯ ಹಿಂದಿನ ಓಣಿಯಲ್ಲಿ ಒಂದು ಅಚ್ಚುಕೂಟವಿತ್ತು. ಅದರ ಒಡತಿ ಮದುವೆ ಕರೆಯೋಲೆ, ರಸೀದಿ ಪುಸ್ತಕಗಳ ನಡುವೆ ವರ್ಷಕ್ಕೆ ಮೂರೋ ನಾಲ್ಕೋ ಕಥೆ ಪುಸ್ತಕಗಳನ್ನೂ ಹೊರತರುತ್ತಿದ್ದಳು, ತಾನು ಪೂರ್ತಿ ಓದದೆ ಒಂದನ್ನೂ ಅಚ್ಚಿಗೆ ಕಳಿಸುತ್ತಿರಲಿಲ್ಲ. ಸ್ಟೆನೋ ಅಕ್ಕ ಹಸ್ತಪ್ರತಿಯನ್ನು ಕೊಟ್ಟು ಬಂದ ಹನ್ನೆರಡನೇ ದಿನ ಆಕೆ ಕರೆಸಿಕೊಂಡಳು. ಯಂತ್ರದ ಸದ್ದು ಕೇಳದಿರಲೆಂದು ಬಾಗಿಲು ಮುಂದೆ ಮಾಡಿ, ಮಸಿ ಅಂಟಿದ ಬೆರಳನ್ನು ಒರೆಸಿಕೊಂಡು ಮಾತು ಶುರುಮಾಡಿದಳು. ಮಂತ್ರಿ ಚೆನ್ನಾಗಿದ್ದಾನೆ, ಕಲ್ಲಿನ ಬಾಯಿ ಎರಡು ದಿನ ನಿದ್ದೆ ಕೆಡಿಸಿತು, ಹುಡುಗಿಯ ಕಥೆ ಓದುವಾಗ ತಾನು ಅತ್ತದ್ದೂ ಉಂಟು ಎಂದಳು. ಆಮೇಲೆ ಕೊನೆಯ ಅಧ್ಯಾಯ ಎತ್ತಿಕೊಂಡಳು.

ಆ ಅರಮನೆಯಲ್ಲಿ ರಾಜಾಜ್ಞೆಗಳನ್ನು ಬರೆಯುವ ಒಬ್ಬ ಲಿಪಿಕಾರ್ತಿ ಇದ್ದಳು. ಮಂತ್ರಿಯ ಮಾತು ಕೇಳಿ, ಕಿಟಕಿಯಿರುವ ಒಂದು ಕೋಣೆಯ ಆಸೆಗೆ ಅವಳು ಒಂದು ಆಜ್ಞೆಯಲ್ಲಿ ಒಂದೇ ಒಂದು ಪದ ಬದಲಾಯಿಸುತ್ತಾಳೆ. ಆ ಪದದಿಂದ ಅವಳ ಗೆಳತಿ, ಅರಮನೆಯ ಗ್ರಂಥಪಾಲಕಿ, ನೆಲಮಾಳಿಗೆಯ ಸೆರೆ ಸೇರುತ್ತಾಳೆ. ಕೊನೆಯ ಅಧ್ಯಾಯದಲ್ಲಿ ಲಿಪಿಕಾರ್ತಿ ಬೀಗ ತೆರೆದು ಕಾಲಿಗೆ ಬೀಳುತ್ತಾಳೆ, ಗ್ರಂಥಪಾಲಕಿ ಎಬ್ಬಿಸಿ ತಬ್ಬಿಕೊಳ್ಳುತ್ತಾಳೆ, ಇಬ್ಬರೂ ಕೈಹಿಡಿದು ಬೆಳಕಿಗೆ ಬರುತ್ತಾರೆ.

"ಹದಿನೆಂಟು ಅಧ್ಯಾಯದಲ್ಲಿ ಯಾರೂ ಯಾರನ್ನೂ ಸುಮ್ಮನೆ ಬಿಟ್ಟಿಲ್ಲ," ಎಂದಳು ಒಡತಿ. "ಇವಳು ಎರಡು ಸಾಲಲ್ಲಿ ಕ್ಷಮಿಸಿಬಿಟ್ಟಳು. ನಾನು ನಂಬಲಿಲ್ಲ. ನೀವು ನಂಬ್ತೀರಾ?"

ಸ್ಟೆನೋ ಅಕ್ಕ ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದು, ಎರಡು ದಿನ ಊಟದ ಮೇಜಿನ ಹತ್ತಿರ ಹಾಯಲಿಲ್ಲ. ಮೂರನೇ ದಿನ ಗಂಡನಿಗೆ, ಇಷ್ಟು ವರ್ಷ ಹೇಳದಿದ್ದ ಒಂದು ಸಂಗತಿ ಹೇಳಿದಳು.

ನಗರಸಭೆಯ ದಾಖಲೆ ಕೋಣೆಯಲ್ಲಿ ಅವಳಿಗೊಬ್ಬ ಗೆಳತಿಯಿದ್ದಳು. ನೆಲದಿಂದ ಸೂರಿನವರೆಗೆ ಕಡತ ತುಂಬಿದ ಕೋಣೆ. ಯಾವ ಕಡತ ಕೇಳಿದರೂ ಎದ್ದು ನಡೆದು ಕೈಹಾಕಿ ತೆಗೆಯುತ್ತಿದ್ದುದರಿಂದ ಅವಳನ್ನು ಎಲ್ಲರೂ ಕಡತಮ್ಮ ಎನ್ನುತ್ತಿದ್ದರು. ಹದಿನೆಂಟು ವರ್ಷ ಇಬ್ಬರೂ ಒಂದೇ ಮೇಜಿನಲ್ಲಿ ಡಬ್ಬ ಬಿಚ್ಚಿ ಉಂಡಿದ್ದರು. ಸ್ಟೆನೋ ಅಕ್ಕನ ಹತ್ತೊಂಬತ್ತನೇ ವರ್ಷದಲ್ಲಿ ಸೂಪರಿಂಟೆಂಡೆಂಟ್ ಹುದ್ದೆ ಖಾಲಿಯಾಯಿತು. ಬಡ್ತಿಯ ಸಾಲಿನಲ್ಲಿದ್ದವರು ಇಬ್ಬರೇ, ಅವಳು ಮತ್ತು ಕಡತಮ್ಮ. ಅದೇ ತಿಂಗಳು ಒಂದು ಜಾಗದ ಕಡತ ಕಾಣೆಯಾಗಿ ಸಭೆಯಲ್ಲಿ ಗಲಾಟೆ ಎದ್ದಿತು. ಕಡತಮ್ಮನನ್ನು ಕರೆಸಿ ಕೇಳಿದರು. ಅವಳು ಎದ್ದು ನಿಂತು, ಆ ಕಡತ ನನ್ನ ಕೋಣೆಗೆ ಬಂದೇ ಇಲ್ಲ ಎಂದಳು. ಬಂದಿಲ್ಲವೆಂದರೆ ಅದು ಎಲ್ಲಿ ಹೋಯಿತೆಂಬ ಪ್ರಶ್ನೆ ನೇರವಾಗಿ ಅಧ್ಯಕ್ಷರ ಕೋಣೆಗೆ ಹೋಗುತ್ತಿತ್ತು.

ಆಗಿನ ಅಧ್ಯಕ್ಷರು ತುಂಬ ಮೃದು ಮಾತಿನವರು. ಮರುದಿನ ಬೆಳಿಗ್ಗೆ ಟೈಪು ಯಂತ್ರದ ಹತ್ತಿರ ಬಂದು, ಮಳೆ ಬರುವ ಹಾಗಿದೆ ಎಂದರು. ಮಗಳ ಓದು ಹೇಗೆ ಎಂದರು. ಹೋಗುವ ಮುನ್ನ, ಆಯಮ್ಮ ಏನಂದರು, ಬಂದ ನೆನಪಿಲ್ಲ ಅಂದರಲ್ಲವೇ, ಹಾಗೇ ಬರೆದರಾಯಿತು ಎಂದು ಹೇಳಿ, ನಕ್ಕು ಹೊರಟುಹೋದರು. ಹೆದರಿಸಲಿಲ್ಲ, ಆಸೆ ತೋರಿಸಲಿಲ್ಲ. ಸ್ಟೆನೋ ಅಕ್ಕ 'ಬಂದೇ ಇಲ್ಲ' ಎಂದು ಇರಬೇಕಾದಲ್ಲಿ 'ಬಂದ ನೆನಪಿಲ್ಲ' ಎಂದು ಟೈಪು ಮಾಡಿದಳು. ತನ್ನ ದಾಖಲೆಯೇ ನೆನಪಿಲ್ಲದವಳು ಎಂಬ ಕಾರಣಕ್ಕೆ ಕಡತಮ್ಮನಿಗೆ ಊರ ಹೊರಗಿನ ನೀರು ಸರಬರಾಜು ಕಚೇರಿಗೆ ವರ್ಗಾವಣೆಯಾಯಿತು. ಬಡ್ತಿ ಸ್ಟೆನೋ ಅಕ್ಕನಿಗೆ ಬಂತು. ಅಧಿಕಾರವೆಂದರೆ ಎಷ್ಟು, ಆರು ಜನ ಗುಮಾಸ್ತರ ರಜೆಯ ಅರ್ಜಿಗೆ ಸಹಿ ಹಾಕುವಷ್ಟು. ಜೊತೆಗೆ ಕಿಟಕಿಯಿರುವ ಒಂದು ಕೋಣೆ. ಸಭೆ ಬರೆಯುವ ಕೆಲಸವೂ ಅವಳಿಗೇ ಉಳಿಯಿತು. ಆ ಕೋಣೆಯಲ್ಲಿ ಹನ್ನೆರಡು ವರ್ಷ ಒಬ್ಬಳೇ ಕೂತು ಊಟ ಮಾಡಿದಳು.

ಗಂಡ ಎಲ್ಲವನ್ನೂ ಕೇಳಿದ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ.

"ಅವಳ ಮನೆ ಎಲ್ಲಿದೆ ಗೊತ್ತಾ?" ಎಂದು ಕೇಳಿದ.

"ಗೊತ್ತು."

"ಹಾಗಾದ್ರೆ ಕಥೇನ ನನಗೆ ಯಾಕೆ ಹೇಳ್ತಿದ್ದೀಯ?"

ಮರುದಿನವೇ ಅವಳು ಹಸ್ತಪ್ರತಿ ಹಿಡಿದು ಬಸ್ಸು ಹತ್ತಿದಳು. ಕಡತಮ್ಮ ಜಲಾಶಯದ ಪಕ್ಕದ ನೌಕರರ ಸಾಲುಮನೆಯೊಂದರಲ್ಲಿ, ನಿವೃತ್ತಿಯ ನಂತರವೂ, ಅಳಿಯನಿಗೆ ಅಲ್ಲೇ ಕೆಲಸವಾದ್ದರಿಂದ, ಮಗಳ ಜೊತೆ ಇದ್ದಳು. ಬಾಗಿಲು ತೆರೆದವಳ ತಲೆ ಪೂರ್ತಿ ಬೆಳ್ಳಗಾಗಿತ್ತು. ನಿಲ್ಲುವ ಭಂಗಿ ಮಾತ್ರ ಹಾಗೇ ನೆಟ್ಟಗೆ. ಬಾ ಎಂದಳು. ಕೂರು ಎಂದಳು. ನೀರು ಕೊಟ್ಟಳು. ಸ್ಟೆನೋ ಅಕ್ಕ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನೆಲ್ಲ ಬಿಟ್ಟು, ನಾನೊಂದು ಪುಸ್ತಕ ಬರೆದಿದ್ದೇನೆ, ಓದಿ ಹೇಳು ಎಂದಷ್ಟೇ ಹೇಳಿ, ಹಾಳೆಗಳ ಕಟ್ಟನ್ನು ಅಲ್ಲಿಟ್ಟು ಬಂದಳು.

ಐದನೇ ದಿನ ಕರೆ ಬಂತು. ಹೋದಳು. ಕಡತಮ್ಮ ಹಸ್ತಪ್ರತಿಯನ್ನು ಮೊಣಕಾಲ ಮೇಲಿಟ್ಟುಕೊಂಡು, ಜಲಾಶಯದ ಕಡೆಗಿದ್ದ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದಳು.

"ಸೆರೆಗೆ ಹೋದವಳು ನಾನು," ಎಂದಳು.

"ಹೌದು."

"ನನಗೆ ಗೊತ್ತಿತ್ತು. ಅವತ್ತೇ ಗೊತ್ತಿತ್ತು. ನಡಾವಳಿ ಆಮೇಲೆ ಎಲ್ಲಿಗೆ ಬರುತ್ತೆ ಹೇಳು? ನನ್ನ ಕೋಣೆಗೇ. ಆ ಪುಟಾನ ನಾನೇ ಸೂಜಿ ದಾರ ಹಾಕಿ ಹೊಲಿದು ಕಪಾಟಲ್ಲಿಟ್ಟೆ. ಅದೇ ನಾನು ಅಲ್ಲಿ ಮಾಡಿದ ಕೊನೇ ಕೆಲಸ."

ಸ್ಟೆನೋ ಅಕ್ಕನಿಗೆ ಇದು ಹದಿನೈದು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ತನ್ನ ಸುಳ್ಳು ಯಾವ ಕೈಗೆ ಹೋಗಿ ತಲುಪುತ್ತದೆಂದು ಎಲ್ಲರಿಗಿಂತ ಚೆನ್ನಾಗಿ ತಿಳಿದಿರಬೇಕಾದವಳು ತಾನು. ಯಾಕೆ ಯಾರಿಗೂ ಹೇಳಲಿಲ್ಲ ಎಂದು ಕೇಳಿದಳು. ನೀನೇ ಬಂದು ಹೇಳುತ್ತೀಯ ಎಂದು ಕಾದೆ ಎಂದಳು ಕಡತಮ್ಮ. ಆಮೇಲೆ, ದನಿ ಏರಿಸದೆ, ನೀರಿನ ಕಡೆ ನೋಡುತ್ತ ತನ್ನ ಕಥೆ ಹೇಳಿದಳು. ಮೊದಲ ನಾಲ್ಕು ವರ್ಷ ಸಿಟ್ಟು ಕುದಿಯುತ್ತಿತ್ತು. ಆದರೆ ನೀರಿನ ಕಚೇರಿಯಲ್ಲಿ ಕೆಲಸ ಕಡಿಮೆ, ಜನ ಒಳ್ಳೆಯವರು. ಪಂಪು ನಡೆಸುವವರಿಗೆಲ್ಲ ಅವಳು ಅರ್ಜಿ ಬರೆದುಕೊಟ್ಟಳು. ಅವರು ಅವಳಿಗೆ ಈಜು ಕಲಿಸಿದರು. ಐವತ್ತೆರಡನೇ ವಯಸ್ಸಿನಲ್ಲಿ ಈಜು ಕಲಿತೆ ಎಂದು ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆ ತುಳುಕಿತು.

"ಇಲ್ಲಿ ನಾನು ಚೆನ್ನಾಗಿದ್ದೆ. ಅದು ನನ್ನ ಪುಣ್ಯ," ಎಂದಳು. "ನೀನು ಮಾಡಿದ್ದು ತಪ್ಪು. ಒಂದನ್ನ ತಂದು ಇನ್ನೊಂದಕ್ಕೆ ಗಂಟು ಹಾಕಬೇಡ."

"ಕ್ಷಮಿಸು ಅಂತ ಕೇಳೋಕೆ ಬಂದೆ."

"ಅದನ್ನ ಕೇಳಬೇಡ. ತಿದ್ದು."

ಸ್ಟೆನೋ ಅಕ್ಕ ಕಾದಂಬರಿಯ ಮಾತೆಂದುಕೊಂಡು, ಹೇಗೆ ತಿದ್ದಲಿ ಎಂದು ಹಾಳೆಗೆ ಕೈಚಾಚಿದಳು. ಕಡತಮ್ಮ ಕೈ ಸರಿಸಿದಳು. ಪುಸ್ತಕ ಆಮೇಲೆ, ಮೊದಲು ನಡಾವಳಿ ತಿದ್ದು ಎಂದಳು. ಆ ಪುಟ ಯಾವ ಕಪಾಟಿನ ಎಷ್ಟನೇ ಅರೆಯಲ್ಲಿದೆ ಎಂಬುದನ್ನೂ ಹೇಳಿದಳು.

ಮರುವಾರ ಸ್ಟೆನೋ ಅಕ್ಕ ತಾನು ಬಿಟ್ಟುಬಂದ ಕಚೇರಿಗೆ ಒಂದು ಅರ್ಜಿ ತೆಗೆದುಕೊಂಡು ಹೋದಳು. ಇಂಥ ದಿನದ ಸಭೆಯ ನಡಾವಳಿಯಲ್ಲಿ ನಾನು ತಿಳಿದೂ ತಿಳಿದೂ ಒಂದು ಪದವನ್ನು ತಪ್ಪಾಗಿ ಬರೆದಿದ್ದೇನೆ, ಸರಿಯಾದ ಪದ ಇಂಥದ್ದು, ಮೂಲ ಶೀಘ್ರಲಿಪಿ ಹಾಳೆಯನ್ನು ಲಗತ್ತಿಸಿದೆ, ತಿದ್ದುಪಡಿಯನ್ನು ಸಭೆಯ ಮುಂದಿಡಬೇಕು ಎಂಬುದಷ್ಟೇ ಅದರಲ್ಲಿದ್ದದ್ದು. ಈಗಿನ ಮುಖ್ಯಾಧಿಕಾರಿ ಸಣ್ಣ ವಯಸ್ಸಿನವರು. ಅರ್ಜಿಯನ್ನು ಎರಡು ಸಲ ಓದಿ, ಅವಳನ್ನು ಒಮ್ಮೆ ನೋಡಿ, ಇದರಿಂದ ಈಗ ಯಾರಿಗೆ ಏನು ಲಾಭ ಎಂದು ಕೇಳಿದರು. ಯಾರಿಗೂ ಇಲ್ಲ ಎಂದಳು. ನಷ್ಟ ಎಂದರು. ನನಗೆ ಸ್ವಲ್ಪ ಎಂದಳು. ವಿಚಾರಣೆಗೆ ಬಂದರೂ ಬರಬಹುದು, ಯೋಚನೆ ಮಾಡಿ ಎಂದು ಆ ಮನುಷ್ಯ ನಿಜವಾದ ಕಾಳಜಿಯಿಂದಲೇ ಎಚ್ಚರಿಸಿದರು. ಅವಳು ಹದಿನೈದು ವರ್ಷ ಯೋಚನೆ ಮಾಡಿದ್ದೇನೆ ಎನ್ನಲಿಲ್ಲ. ಸ್ವೀಕೃತಿಯ ಮೊಹರು ಎಲ್ಲಿ ಹಾಕಿಸಲಿ ಎಂದಷ್ಟೇ ಕೇಳಿದಳು.

ಮುಂದಿನ ತಿಂಗಳ ಸಭೆಗೆ ಇಬ್ಬರೂ ಹೋಗಿ ಸಾರ್ವಜನಿಕರ ಬೆಂಚಿನಲ್ಲಿ ಕೂತರು. ಆ ಜಾಗದಿಂದ ಸಭಾಂಗಣ ಬೇರೆಯದೇ ಆಗಿ ಕಾಣುತ್ತದೆಂದು ಸ್ಟೆನೋ ಅಕ್ಕನಿಗೆ ಅಂದೇ ತಿಳಿದದ್ದು. ಪೀಠ ತುಂಬ ಚಿಕ್ಕದು, ಆದರೂ ಎತ್ತರ, ಅದರ ಮೇಲೆ ಕೂತವರ ಪಾದ ನೆಲಕ್ಕೆ ಎಟಕುತ್ತಿರಲಿಲ್ಲ. ಕಾರ್ಯಸೂಚಿಯಲ್ಲಿ ಅವರದು ಇಪ್ಪತ್ಮೂರನೆಯದು. ಹಿಂದಿನದು ಬೀದಿದೀಪ, ಮುಂದಿನದು ಚರಂಡಿ. ಗುಮಾಸ್ತ ಎದ್ದು ತಿದ್ದುಪಡಿಯನ್ನು ಒಂದೇ ಉಸಿರಿಗೆ ಓದಿದ: 'ಬಂದ ನೆನಪಿಲ್ಲ' ಎಂದಿರುವುದನ್ನು 'ಬಂದೇ ಇಲ್ಲ' ಎಂದು ಓದಿಕೊಳ್ಳತಕ್ಕದ್ದು. ಒಬ್ಬ ಸದಸ್ಯರು ಇದು ಯಾವ ಬಡಾವಣೆಗೆ ಸಂಬಂಧಪಟ್ಟದ್ದು ಎಂದು ಕೇಳಿದರು. ಯಾವುದಕ್ಕೂ ಅಲ್ಲ ಎಂದರು ಮುಖ್ಯಾಧಿಕಾರಿ. ಹಾಗಾದರೆ ಒಪ್ಪಿಗೆ ಎಂದರು ಅಧ್ಯಕ್ಷರು. ಪೂರಾ ಒಂದು ನಿಮಿಷವೂ ಹಿಡಿಯಲಿಲ್ಲ. ಕಡತಮ್ಮ ಮಡಿಲಲ್ಲಿ ಚೀಲ ಇಟ್ಟುಕೊಂಡು, ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ ಅದನ್ನು ಕೇಳಿಸಿಕೊಂಡಳು. ಚರಂಡಿಯ ವಿಷಯ ಮುಗಿಯುವವರೆಗೂ ಕಣ್ಣು ತೆರೆಯಲಿಲ್ಲ. ಆಮೇಲೆ ಎದ್ದು, ಇಳಿಯುವ ಮೆಟ್ಟಿಲಲ್ಲಿ ಸ್ಟೆನೋ ಅಕ್ಕನ ತೋಳು ಹಿಡಿದುಕೊಂಡು, ಹಸಿವಾಗ್ತಿದೆ ನಡಿ ಎಂದಳು.

ಕಚೇರಿಯಿಂದ ಸ್ಟೆನೋ ಅಕ್ಕನಿಗೆ ಒಂದು ಎಚ್ಚರಿಕೆ ಪತ್ರ ಬಂತು. ಈ ಬಗ್ಗೆ ತೀವ್ರ ಅಸಮಾಧಾನವಿದೆಯೆಂದೂ, ಇನ್ನು ಮುಂದೆ ಕರ್ತವ್ಯದಲ್ಲಿ ಇಂಥ ಲೋಪವಾಗದಂತೆ ನೋಡಿಕೊಳ್ಳತಕ್ಕದ್ದೆಂದೂ ಅದರಲ್ಲಿತ್ತು. ಯಾವ ಕರ್ತವ್ಯದಲ್ಲಿ, ಡಬ್ಬ ತೊಳೆಯೋದರಲ್ಲಾ ಎಂದು ಗಂಡ ಬಿದ್ದು ಬಿದ್ದು ನಕ್ಕ. ಅವಳೂ ನಕ್ಕಳು, ಬಹಳ ವರ್ಷದಿಂದ ಹಾಗೆ ಹೊಟ್ಟೆ ಹಿಡಿದುಕೊಂಡು ನಕ್ಕಿರಲಿಲ್ಲ.

ಆಮೇಲೆ ಕೊನೆಯ ಅಧ್ಯಾಯವನ್ನು ಹೊಸದಾಗಿ ಬರೆದಳು. ಈಗ ಲಿಪಿಕಾರ್ತಿ ಬೀಗ ತೆರೆದರೂ ಗ್ರಂಥಪಾಲಕಿ ಹೊರಗೆ ಬರುವುದಿಲ್ಲ. ತುಂಬಿದ ದರಬಾರಿನಲ್ಲಿ ನಿಂತು ಆ ಆಜ್ಞೆಯನ್ನು ಸರಿಯಾಗಿ ಓದಿ ಬಾ, ಆಮೇಲೆ ಬರುತ್ತೇನೆ ಎನ್ನುತ್ತಾಳೆ. ಲಿಪಿಕಾರ್ತಿ ಓದುತ್ತಾಳೆ. ಮಂತ್ರಿ ಅವಳ ಬರೆಯುವ ಕೈಯ ಮೂರು ಬೆರಳು ಮುರಿಸುತ್ತಾನೆ. ಆದರೆ ಪಟ್ಟಕ್ಕೆ ಕಾದಿದ್ದ ಹುಡುಗಿ ಅಲ್ಲೇ ಪರದೆಯ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿರುತ್ತಾಳೆ. ಅಮಾವಾಸ್ಯೆಯ ದಿನ ತನ್ನ ನಾಯಿಯನ್ನೂ ಗೆಳತಿಯರನ್ನೂ ಕರೆದುಕೊಂಡು ಹಿಂಬಾಗಿಲಿನಿಂದ ಹೊರಟುಹೋಗುತ್ತಾಳೆ. ಮುದಿ ರಾಜನೂ ಆಗ ಇಲ್ಲ, ಹಸಿದ ಕಲ್ಲಿನ ಮುಂದೆ ಮಂತ್ರಿಯೊಬ್ಬನೇ ನಿಲ್ಲುತ್ತಾನೆ. ಅವನಿಗೆ ಜನ್ಮದಲ್ಲಿ ಯಾರ ಮೇಲೂ ಪ್ರೀತಿಯಿರಲಿಲ್ಲವಾದ್ದರಿಂದ ಕಲ್ಲಿಗೆ ಕೊಡಲು ಅವನ ಹತ್ತಿರ ಏನೂ ಇರುವುದಿಲ್ಲ.

ಒಡತಿ ಓದಿ ಅಚ್ಚಿಗೆ ಕಳಿಸಿದಳು. ಅದಕ್ಕೆ ಮೊದಲು ಕಡತಮ್ಮ ಇಡೀ ಹಸ್ತಪ್ರತಿಯನ್ನು ಜರಡಿ ಹಿಡಿದಿದ್ದಳು. ಸತ್ತವರದೆಲ್ಲ ಒಂದು ಪಟ್ಟಿ ಮಾಡಿ, ಎಲ್ಲಿ ಸತ್ತರು, ಯಾರು ಕೊಂದರು, ಹೆಣ ಏನಾಯಿತು ಎಂದು ಗೆರೆ ಎಳೆದು ಬರೆದಳು. ಆಗ ತಿಳಿಯಿತು, ಮೂರನೇ ಅಧ್ಯಾಯದಲ್ಲಿ ವಿಷ ಕುಡಿದು ಸತ್ತ ಸೇನಾಪತಿ ಒಂಬತ್ತರಲ್ಲಿ ಕುದುರೆ ಏರಿ ಯುದ್ಧಕ್ಕೆ ಹೊರಟಿದ್ದಾನೆಂದು.

ಪುಸ್ತಕ ಹೊರಗೆ ಬಂತು. ಊರಿನ ಗ್ರಂಥಾಲಯದಲ್ಲಿ ಅದಕ್ಕೆ ಸರದಿ ಹಚ್ಚಿದರು. ಕಥೆಯೊಳಗಿನವರು ಊರಿನ ಯಾರು ಯಾರು ಎಂಬ ಊಹೆ ಕ್ಷೌರದ ಅಂಗಡಿಯಿಂದ ಬ್ಯಾಂಕಿನ ಕೌಂಟರಿನವರೆಗೆ ಹಬ್ಬಿತು. ಬದುಕಿರುವ ಮಾಜಿ ಅಧ್ಯಕ್ಷರು ಒಬ್ಬೊಬ್ಬರಾಗಿ ಸ್ಟೆನೋ ಅಕ್ಕನ ಮನೆಗೆ ಬರತೊಡಗಿದರು. ಜಗಳಕ್ಕೆ ಬಂದರೆಂದು ಗಂಡ ಮೊದಲ ದಿನ ಅಂಗಡಿಗೆ ಹೋಗದೆ ಬಾಗಿಲ ಬಳಿಯೇ ಕುರ್ಚಿ ಹಾಕಿಕೊಂಡಿದ್ದ. ಅವರು ಬಿಸ್ಕತ್ತಿನ ಪೊಟ್ಟಣ ಹಿಡಿದು, ಮುಖ ಅರಳಿಸಿಕೊಂಡು ಬಂದಿದ್ದರು. ಆ ಮುದಿ ರಾಜ ನಾನೇ ಅಲ್ಲವೇ ಎಂದು ಮೊದಲನೆಯವರು ತಗ್ಗಿದ ದನಿಯಲ್ಲಿ ಕೇಳಿದರು. ಎರಡನೆಯವರೂ ಅದನ್ನೇ ಕೇಳಿದರು. ಮೂರನೆಯವರು ಕೇಳುವ ತೊಂದರೆಯನ್ನೂ ತೆಗೆದುಕೊಳ್ಳದೆ, ಆ ಕುದುರೆಯ ವಿಷಯ ನಿಮಗೆ ಹೇಗೆ ತಿಳಿಯಿತು, ನನ್ನದು ಸ್ಕೂಟರು ಎಂದು ಕಣ್ಣೊರೆಸಿಕೊಂಡರು. ತಾಮ್ರದ ಹಲ್ಲಿನ ಮಂತ್ರಿ ನಾನು ಎಂದು ಯಾರೂ ಬರಲಿಲ್ಲ.

ಕೊನೆಗೆ ಬಂದವರು ಆ ಮೃದು ಮಾತಿನ ಅಧ್ಯಕ್ಷರು. ಈಗ ಕೋಲು ಊರಿ ನಡೆಯುತ್ತಿದ್ದರು. ಅವತ್ತು ಕಡತಮ್ಮನೂ ಬಂದಿದ್ದಳು; ಕಿಟಕಿಯ ಬಳಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಅವರು ಅವಳನ್ನು ಗುರುತಿಸಲಿಲ್ಲ. ಚಹಾ ಕುಡಿದು, ಪುಸ್ತಕ ಹೊಗಳಿ, ಪೀಠದಲ್ಲಿ ಕೂತವನ ಸಂಕಟ ಕೂತವನಿಗೇ ಗೊತ್ತು, ಪಾಪ ಆ ರಾಜ ಎಂದು ನಿಟ್ಟುಸಿರು ಬಿಟ್ಟರು.

"ಆಜ್ಞೆಯಲ್ಲಿ ಪದ ಬದಲಾಯ್ತಲ್ಲ, ಅದು?" ಎಂದು ಕಡತಮ್ಮ ತಲೆಯೆತ್ತದೆ ಕೇಳಿದಳು.

"ಅದು ಮಂತ್ರಿ ಮಾಡಿಸಿದ್ದಮ್ಮ," ಎಂದರು ಅವರು, ತುಂಬ ಕನಿಕರದಿಂದ. "ರಾಜನಿಗೆ ಅದು ಗೊತ್ತೇ ಇಲ್ಲ."

ಸ್ಟೆನೋ ಅಕ್ಕ ಅವರ ಮುಖವನ್ನು ನೋಡಿದಳು. ನಟಿಸುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ, ಆ ಬೆಳಿಗ್ಗೆ, ಮಳೆಯ ಮಾತು, ಯಾವುದೂ. ಕಲ್ಲಿನ ಬಾಯಿ ತನ್ನ ಕಲ್ಪನೆಯೆಂದುಕೊಂಡಿದ್ದವಳಿಗೆ ಅದು ಇವರಲ್ಲಿ ತನ್ನ ಕೆಲಸ ಮುಗಿಸಿಬಿಟ್ಟಿರುವುದು ಕಂಡಿತು. ಹದಿನೈದು ವರ್ಷ ತಾನು ಆ ತಪ್ಪಿನ ನೆನಪನ್ನು ಹೊತ್ತುಕೊಂಡು ತಿರುಗಿದ್ದೇ ಎಷ್ಟೋ ವಾಸಿ ಎನ್ನಿಸಿ, ಅವರ ಬಗ್ಗೆ ಇದ್ದ ಕಹಿ ಕರಗಿ, ಅವರ ಲೋಟಕ್ಕೆ ಇನ್ನಷ್ಟು ಚಹಾ ಹಾಕಿದಳು. ಅವರು ಹೋದ ಮೇಲೆ ಕಡತಮ್ಮ ನಾರು ತೆಗೆದ ಕಾಯನ್ನು ಪಾತ್ರೆಗೆ ಸುರಿದು, ಇವರನ್ನ ಯಾವ ಪಟ್ಟಿಗೆ ಸೇರಿಸೋಣ ಎಂದಳು.

ಪುಸ್ತಕದಿಂದ ಹೆಚ್ಚು ಮೆರೆದವನೆಂದರೆ ಗಂಡ. ಅಂಗಡಿಯಲ್ಲಿ ಹತ್ತಿರದ ದೃಷ್ಟಿ ಪರೀಕ್ಷಿಸಲು ಇಟ್ಟಿದ್ದ ಹಳೆಯ ಅಕ್ಷರದ ಹಲಗೆ ತೆಗೆದು, ಹೆಂಡತಿಯ ಪುಸ್ತಕ ಇಟ್ಟ. ಗಿರಾಕಿಗೆ ಗಾಜು ಹಾಕಿಸಿ, ಓದಿ ಎನ್ನುತ್ತಾನೆ. ಇಲ್ಲಿ ಯಾರದೋ ಕತ್ತು ಹಿಸುಕುತ್ತಿದ್ದಾರಲ್ಲ ಎಂದು ಗಿರಾಕಿ ಗಾಬರಿಯಾದರೆ, ಸರಿ, ಇದೇ ನಂಬರು ಎಂದು ಚೀಟಿ ಬರೆಯುತ್ತಾನೆ. ಕೆಲವರು ಮುಂದೇನಾಯಿತೆಂದು ತಿಳಿಯಲು ಕಣ್ಣು ಸರಿಯಿದ್ದರೂ ಮತ್ತೆ ಬಂದು ಕೂರುವುದುಂಟು.

ಸ್ಟೆನೋ ಅಕ್ಕನಿಗೆ ಈಗ ಅರವತ್ತಾರು. ಮಂಗಳವಾರ, ಶುಕ್ರವಾರ ಕಡತಮ್ಮ ಬಸ್ಸಿನಲ್ಲಿ ಬರುತ್ತಾಳೆ. ಉಳಿದ ದಿನ ಬೆಳಿಗ್ಗೆ ಬರವಣಿಗೆ. ಎರಡನೇ ಕಾದಂಬರಿ ಉಪ್ಪಿನ ಕೋಟೆಯೊಂದರದು. ಅಲ್ಲಿ ಅವಳಿ ಅಕ್ಕತಂಗಿಯರು ಒಂದೇ ಕಿರೀಟಕ್ಕೆ ಬಡಿದಾಡುತ್ತಾರೆ, ಗೆದ್ದವಳಿಗೆ ಕನ್ನಡಿಯಲ್ಲಿ ಸೋತವಳ ಮುಖ ಕಾಣುತ್ತದೆ. ನಿನ್ನೆ, ಶುಕ್ರವಾರ, ಸ್ಟೆನೋ ಅಕ್ಕ ಕಥೆಯಲ್ಲಿ ಒಂದು ಸೇತುವೆ ಕೆಡವಬೇಕಿತ್ತು. ಸೇತುವೆಯ ಮೇಲೆ ಎಷ್ಟು ಸೈನಿಕರಿರಬೇಕೆಂದು ಅವಳಿಗೂ ಕಡತಮ್ಮನಿಗೂ ವಾದವಾಯಿತು. ನಾನೂರು ಎಂದು ಇವಳು, ಅಷ್ಟು ಜನರನ್ನು ಪಟ್ಟಿ ಮಾಡುವವಳು ನಾನು, ನಲವತ್ತಕ್ಕೆ ಇಳಿಸು ಎಂದು ಅವಳು. ಊಟದ ಹೊತ್ತಾದ್ದರಿಂದ ಸೇತುವೆಯನ್ನು ಹಾಗೇ ನಿಲ್ಲಲು ಬಿಟ್ಟು ಎದ್ದರು.